ಮುಂದೆ ನಿಲ್ಲುವವರ ಕಣ್ಣು: ಆನ್‌ಲೈನ್ ಆಟಗಳಲ್ಲಿ ಟ್ಯಾಂಕ್ ಪಾತ್ರ



ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಿಂದ ಬಂದಿರುವ ಕನ್ನಡಿಗರಾದ ನಿಮ್ಮಲ್ಲಿ ಬಹಳ ಮಂದಿಯ ಮನೆಗಳಲ್ಲಿ ತಲೆಮಾರುಗಳಿಂದ ಮಗ್ಗವಿದ್ದು, ಮನೆಯೊಳಗೆ ಕನ್ನಡವೂ ಬೀದಿಯಲ್ಲಿ ತಮಿಳೂ ನಡೆದುಬಂದಿವೆ. ದೇವಾಂಗ ಮನೆತನಗಳವರ ಜೊತೆಗೆ, ಬನಿಯನ್ ಉದ್ಯಮಕ್ಕೆಂದು ತಿರುಪ್ಪೂರಿಗೆ ಬಂದವರು, ಓದಲೆಂದು ಕೊಯಮತ್ತೂರಿಗೆ ಬಂದು ಇಲ್ಲೇ ನೆಲೆನಿಂತವರು ಕೂಡ ಈ ಸಭೆಯಲ್ಲಿದ್ದೀರಿ. ಇಂಥ ವೇದಿಕೆಯಲ್ಲಿ ವಚನ, ಶಾಸನ, ನೇಯ್ಗೆಗಳ ಬಗ್ಗೆ ಮಾತು ನಿರೀಕ್ಷಿಸಿದವರಿಗೆ ಕಂಪ್ಯೂಟರ್ ಆಟದ ವಿಷಯ ಅಚ್ಚರಿ ತಂದಿರಬಹುದು. ನಮ್ಮ ಮಕ್ಕಳು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮಾಡುವ ಕೆಲಸವನ್ನು ನಾವು ಹೊರಗಿನಿಂದ ಮಾತ್ರ ನೋಡಿದ್ದೇವೆ. ಅದರ ಒಳಗೆ ನಿಜವಾದ ಒಂದು ಕಸುಬಿದೆ, ಆ ಕಸುಬಿಗೆ ಒಳ್ಳೆಯದು ಕೆಟ್ಟದ್ದು ಎಂಬ ಅಳತೆಯಿದೆ ಎಂದು ನಾನು ನಂಬಿದ್ದೇನೆ. ಅದನ್ನು ಹಿರಿಯರ ಮುಂದೆ ಬಿಡಿಸಿ ಹೇಳಬೇಕೆಂಬ ಆಸೆಯಿಂದ ಈ ವಿಷಯವನ್ನು ಆರಿಸಿಕೊಂಡೆ.

ಆರಂಭದಲ್ಲೇ ಒಂದು ಗಡಿ ಹಾಕಿಕೊಳ್ಳುತ್ತೇನೆ. ಹಣ ಕಟ್ಟಿ ಆಡುವ ರಮ್ಮಿ ಮುಂತಾದವುಗಳಿಂದ ತಮಿಳುನಾಡಿನ ಅನೇಕ ಮನೆಗಳು ನೊಂದಿವೆ. ಅವನ್ನು ತಡೆಯಲು ರಾಜ್ಯ 2023ರಲ್ಲಿ ಕಾಯ್ದೆ ಜಾರಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ನಾನು ಈ ಹೊತ್ತು ಮಾತನಾಡುವುದು ಆ ಆಟಗಳ ಬಗ್ಗೆ ಅಲ್ಲ. ನಾಲ್ಕೈದು ಮಂದಿ ಬೇರೆಬೇರೆ ಊರುಗಳಲ್ಲಿ ಕುಳಿತು, ಒಂದೇ ತಂಡವಾಗಿ ಗುಹೆಯನ್ನೋ ಕೋಟೆಯನ್ನೋ ಹೊಕ್ಕು, ಅಲ್ಲಿನ ಶತ್ರುಗಳನ್ನು ಗೆದ್ದು ಹೊರಬರುವ ಆಟಗಳ ಬಗ್ಗೆ ಮಾತ್ರ ಹೇಳುತ್ತೇನೆ. ಆ ಗುಹೆ ಕೋಟೆಗಳಿಗೆ ಆಟಗಾರರು ಡಂಜನ್ ಎನ್ನುತ್ತಾರೆ. ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ತಿನ್ನುವವರು ಟ್ಯಾಂಕ್. ಈ ಪಾತ್ರ ಎಲ್ಲಿಂದ ಬಂತು, ಶತ್ರುವಿನ ಗಮನವನ್ನು ಅದು ಹೇಗೆ ಹಿಡಿದಿಡುತ್ತದೆ, ಎಲ್ಲಿ ನಿಲ್ಲಬೇಕು, ಯಾರ ವೇಗಕ್ಕೆ ನಡೆಯಬೇಕು ಎಂಬುದನ್ನು ಹೇಳಿ, ಕೊನೆಗೆ ನಮ್ಮ ಜಿಲ್ಲೆಗಳಲ್ಲಿ ಕುಳಿತು ಇದನ್ನು ಆಡುವವರ ಕಷ್ಟಕ್ಕೆ ಬರುತ್ತೇನೆ.

ಮೊದಲು ಹುಟ್ಟಿನ ವಿಚಾರ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವನ್ನು ಪ್ರಕಟಿಸಿದರು. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ, ಕಾಗದ, ಪೆನ್ಸಿಲ್, ದಾಳ ಸಾಕಿತ್ತು. ಇಕ್ಕಟ್ಟಾದ ಓಣಿಯಲ್ಲಿ ಕವಚ ತೊಟ್ಟವನು ಮುಂದೆ, ಮಂತ್ರಗಾರ ಹಿಂದೆ ಎಂಬ ಸಾಲು ಅಲ್ಲೇ ಏರ್ಪಟ್ಟಿತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟ, ಹಲವರು ಒಂದೇ ಕಲ್ಪಿತ ಲೋಕದಲ್ಲಿ ಒಟ್ಟಿಗೆ ಓಡಾಡುವುದನ್ನು ಸಾಧ್ಯಮಾಡಿತು. 1999ರ ಎವರ್‌ಕ್ವೆಸ್ಟ್ ಮತ್ತು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹೊತ್ತಿಗೆ ಮೂರು ಪಾತ್ರಗಳ ಕಟ್ಟು ಗಟ್ಟಿಯಾಯಿತು. ಪೆಟ್ಟು ತಿನ್ನುವ ಟ್ಯಾಂಕ್, ಗಾಯ ಮಾಯಿಸುವ ಹೀಲರ್, ಶತ್ರುವನ್ನು ಹೊಡೆದು ಕೆಡಹುವ ಡಿಪಿಎಸ್. ವಾರ್‌ಕ್ರಾಫ್ಟ್‌ನ ಡಂಜನ್ ತಂಡದಲ್ಲಿ ಐವರು: ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ಡಿಪಿಎಸ್. 2013ರಲ್ಲಿ ಹೊಸದಾಗಿ ಕಟ್ಟಿದ ಫೈನಲ್ ಫ್ಯಾಂಟಸಿ 14ರಲ್ಲಿ ನಾಲ್ವರು. ಎರಡರಲ್ಲೂ ಟ್ಯಾಂಕ್ ಒಬ್ಬರೇ.

ಮುಂದೆ ನಿಂತು ಪೆಟ್ಟು ತಿನ್ನುವವರ ಈ ಚಿತ್ರ ಕೊಂಗುನಾಡಿಗೆ ಹೊಸದಲ್ಲ. ನಮ್ಮ ಈ ಎರಡು ಜಿಲ್ಲೆಗಳಲ್ಲಿ ಹಳ್ಳಿಯ ಅಂಚಿನಲ್ಲಿ ಪುಲಿಕುತ್ತಿ ಕಲ್ಲು ಎಂದು ಕರೆಯುವ ವೀರಗಲ್ಲುಗಳಿವೆ. ದನಕರುಗಳನ್ನು ನಂಬಿ ಬದುಕಿದ ಸೀಮೆ ಇದು. ಕಾಂಗೇಯಂ ತಳಿಯ ಎತ್ತುಗಳನ್ನೂ ಬೇಲಿ ಕಟ್ಟಿದ ಕೊರಂಗಾಡು ಎಂಬ ಮೇವಿನ ಹೊಲಗಳನ್ನೂ ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ಆ ಕಲ್ಲಿನಲ್ಲಿ ಹುಲಿ ಮೇಲೆರಗುತ್ತಿದೆ, ಒಬ್ಬ ಮನುಷ್ಯ ಅದರ ಮೈಗೆ ಆಯುಧ ಚುಚ್ಚುತ್ತಿದ್ದಾನೆ. ಹುಲಿಯ ಮುಖ ಅವನ ಕಡೆಗಿದೆ. ಮಂದೆಯ ಮೇಲೆ ಬೀಳಬೇಕಾದ ಪ್ರಾಣಿ ಅವನ ಮೇಲೆ ಬಿದ್ದಿದೆ, ಅವನು ಮಾಡಿದ ಕೆಲಸವೆಲ್ಲ ಅಷ್ಟರಲ್ಲೇ ಇದೆ. ಕರ್ನಾಟಕದಲ್ಲಿ ತುರುಗಾಳಗದ ವೀರಗಲ್ಲುಗಳನ್ನು ನೋಡಿದವರಿಗೂ ಈ ಭಾವ ಗೊತ್ತು. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ. ಕಲ್ಲು ನೆಟ್ಟದ್ದು ಹೆಚ್ಚಾಗಿ ಸತ್ತವನಿಗೆ, ಅವನು ನಿಂತದ್ದು ಒಂಟಿಯಾಗಿ. ಆಟದ ಟ್ಯಾಂಕ್ ಸಾಯಬಾರದು. ಸತ್ತರೆ ಮರುಗಳಿಗೆ ಶತ್ರು ಹೀಲರ್ ಕಡೆಗೆ ತಿರುಗುತ್ತದೆ, ಹೀಲರ್ ಹೋದರೆ ಉಳಿದ ಮೂವರು ಹೆಚ್ಚು ಹೊತ್ತು ಬಾಳುವುದಿಲ್ಲ. ಹೀಗೆ ಇಡೀ ತಂಡ ನೆಲಕಚ್ಚುವುದಕ್ಕೆ ವೈಪ್ ಎನ್ನುತ್ತಾರೆ. ಕೆಚ್ಚೆದೆ ಇದ್ದರೆ ಟ್ಯಾಂಕ್ ಆಗಬಹುದು ಎಂಬ ಭಾವನೆ ಹೊಸಬರಲ್ಲಿ ಬಲವಾಗಿದೆ. ನನ್ನ ಅಭಿಪ್ರಾಯದಲ್ಲಿ ಈ ಪಾತ್ರಕ್ಕೆ ಬೇಕಾದ ಮೊದಲ ಗುಣ ನೋಟ. ಶತ್ರುವಿನ ಕಣ್ಣು ತನ್ನ ಮೇಲಿರುವಂತೆ ಮಾಡಿ, ತನ್ನ ಕಣ್ಣನ್ನು ಬೆನ್ನ ಹಿಂದಿನ ನಾಲ್ವರ ಮೇಲೆ ಇಡುವುದು.

ಈಗ ಗಮನದ ಲೆಕ್ಕಕ್ಕೆ ಬರೋಣ. ಇದಕ್ಕೆ ಆಟಗಾರರು ಅಗ್ರೊ ಎನ್ನುತ್ತಾರೆ. ಆಟದೊಳಗಿನ ಶತ್ರು ಯಾರನ್ನು ಹೊಡೆಯಬೇಕೆಂದು ಸುಮ್ಮನೆ ಆರಿಸುವುದಿಲ್ಲ, ಅದರ ಬಳಿ ಒಂದು ಪಟ್ಟಿಯಿರುತ್ತದೆ. ವಾರ್‌ಕ್ರಾಫ್ಟ್‌ನ ಮೊದಲ ಕಾಲದ ಲೆಕ್ಕವನ್ನೇ ನೋಡಿ. ನೀವು ಶತ್ರುವಿಗೆ ಒಂದು ಅಂಶ ಪೆಟ್ಟು ಕೊಟ್ಟರೆ ನಿಮ್ಮ ಹೆಸರಿನ ಮುಂದೆ ಒಂದು ಅಂಶ ಸೇರುತ್ತದೆ. ಹೀಲರ್ ಒಂದು ಅಂಶ ಗಾಯ ಮಾಯಿಸಿದರೆ ಅರ್ಧ ಅಂಶ ಸೇರುತ್ತದೆ, ಅದೂ ಕಾಳಗದಲ್ಲಿರುವ ಎಲ್ಲ ಶತ್ರುಗಳಿಗೂ ಹಂಚಿಹೋಗುತ್ತದೆ. ಟ್ಯಾಂಕ್‌ನ ಹೊಡೆತಗಳಿಗೆ ಹೆಚ್ಚುವರಿ ತೂಕವಿರುತ್ತದೆ, ಆದ್ದರಿಂದ ಕಡಿಮೆ ಹೊಡೆದರೂ ಪಟ್ಟಿಯ ತುದಿಯಲ್ಲಿರುವುದು ಅವರೇ. ಟ್ಯಾಂಕ್‌ನ ಲೆಕ್ಕ 1000 ಇದ್ದರೆ, ಶತ್ರುವಿನ ಹತ್ತಿರ ನಿಂತವನು 1100 ದಾಟಿದಾಗ, ದೂರ ನಿಂತವನು 1300 ದಾಟಿದಾಗ ಶತ್ರು ಅವರತ್ತ ತಿರುಗುತ್ತದೆ. ದೂರ ನಿಂತು ಬಾಣ ಬಿಡುವವನಿಗೆ ಸ್ವಲ್ಪ ಹೆಚ್ಚು ಸಲಿಗೆ ಸಿಗುವುದು ಹೀಗೆ.

ಟಾಂಟ್ ಎಂಬ ಒಂದು ವಿದ್ಯೆ ಟ್ಯಾಂಕ್‌ಗೆ ಇದೆ. ಕೈತಪ್ಪಿ ಹೋದ ಶತ್ರುವನ್ನು ಕೆಣಕಿ ಮರಳಿ ಸೆಳೆಯುವ ವಿದ್ಯೆ ಅದು. ಹೊಸಬರು ಅದನ್ನು ಮೊದಲ ಹೊಡೆತವಾಗಿಯೇ ಬಳಸಿಬಿಡುತ್ತಾರೆ. ಆಗ ಪಟ್ಟಿಯಲ್ಲಿ ಬೇರೆ ಯಾರ ಹೆಸರೂ ಇರುವುದಿಲ್ಲವಾದ್ದರಿಂದ ಅದರಿಂದ ದೊಡ್ಡ ಲಾಭವಿಲ್ಲ. ಟಾಂಟ್ ನಿಮ್ಮ ಲೆಕ್ಕವನ್ನು ಪಟ್ಟಿಯ ತುದಿಯಲ್ಲಿರುವವರ ಮಟ್ಟಕ್ಕೆ ಎತ್ತುತ್ತದೆ, ಸುಮಾರು ಮೂರು ಸೆಕೆಂಡು ಶತ್ರು ನಿಮ್ಮನ್ನೇ ಹೊಡೆಯುವಂತೆ ಮಾಡುತ್ತದೆ. ಆ ಮೂರು ಸೆಕೆಂಡಿನಲ್ಲಿ ಎರಡು ಬಲವಾದ ಹೊಡೆತ ಕೊಟ್ಟು ಮುನ್ನಡೆ ಸಾಧಿಸದಿದ್ದರೆ ಶತ್ರು ಮತ್ತೆ ಓಡಿಹೋಗುತ್ತದೆ. ಆದ್ದರಿಂದ ನುರಿತವರು ಟಾಂಟನ್ನು ಕೈಯಲ್ಲಿ ಉಳಿಸಿಕೊಂಡಿರುತ್ತಾರೆ. ಹೀಲರ್ ಕಡೆಗೆ ಓಡುತ್ತಿರುವ ಒಂದೇ ಒಂದು ಶತ್ರುವಿಗಾಗಿ ಅದು ಬೇಕಾಗುತ್ತದೆ.

ಕಾಲಕ್ರಮದಲ್ಲಿ ಈ ಲೆಕ್ಕ ಸಡಿಲವಾಯಿತು. 2011ರ ಆಗಸ್ಟ್‌ನಲ್ಲಿ ವಾರ್‌ಕ್ರಾಫ್ಟ್ ತಯಾರಕರು ಟ್ಯಾಂಕ್ ಹೊಡೆತಗಳ ತೂಕವನ್ನು ಮೂರು ಪಟ್ಟಿನಿಂದ ಐದು ಪಟ್ಟಿಗೆ ಏರಿಸಿದರು. ಮರುವರ್ಷ ಟ್ಯಾಂಕ್ ಪಾತ್ರಗಳನ್ನು ತಿದ್ದಿ, ಗಮನ ಹಿಡಿಯುವ ಚಿಂತೆಯ ಜಾಗದಲ್ಲಿ ಪೆಟ್ಟನ್ನು ಸಮಯ ನೋಡಿ ತಗ್ಗಿಸಿಕೊಳ್ಳುವ ಕೌಶಲವನ್ನು ಮುಂದೆ ತಂದರು. ಹಳಬರು ಅನೇಕರು ಇದನ್ನು ಒಪ್ಪುವುದಿಲ್ಲ. ಹಿಂದೆ ಡಿಪಿಎಸ್ ಆಡುವವರು ಶತ್ರು ಟ್ಯಾಂಕ್‌ನ ಹಿಡಿತಕ್ಕೆ ಬರುವವರೆಗೆ ನಾಲ್ಕು ಗಳಿಗೆ ಕಾಯುತ್ತಿದ್ದರು, ಆ ತಾಳ್ಮೆ ಈಗ ಕಾಣಿಸದು ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೂ ಬದಲಾವಣೆ ಸರಿಯಾದದ್ದೆಂದೇ ನನ್ನ ನಿಲುವು. ಪರದೆಯ ಮೂಲೆಯ ಅಂಕಿಗಳನ್ನು ನೋಡುತ್ತಿದ್ದ ಕಣ್ಣು ಅದರಿಂದ ಬಿಡುಗಡೆಯಾಗಿ ತಂಡದ ಕಡೆಗೆ ತಿರುಗಿತು.

ಇನ್ನು ನಿಲ್ಲುವ ಜಾಗದ ಮಾತು. ಈ ಉಪನ್ಯಾಸದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ, ಏಕೆಂದರೆ ಟ್ಯಾಂಕ್‌ನ ಕಸುಬು ಕಣ್ಣಿಗೆ ಕಾಣುವುದು ಇದರಲ್ಲೇ. ವಾರ್‌ಕ್ರಾಫ್ಟ್‌ನಲ್ಲಿ ಒನಿಕ್ಸಿಯ ಎಂಬ ಹೆಣ್ಣು ಡ್ರಾಗನ್ ಇದೆ. 2004ರ ಮೂಲ ಆಟದಲ್ಲಿ ಅದನ್ನು ಗೆಲ್ಲಲು 40 ಮಂದಿಯ ತಂಡ ಹೋಗುತ್ತಿತ್ತು. ಆ ಡ್ರಾಗನ್ ಮುಂದಕ್ಕೆ ಬೆಂಕಿ ಉಗುಳುತ್ತದೆ, ಹಿಂದಕ್ಕೆ ಬಾಲ ಬೀಸುತ್ತದೆ. ಗುಹೆಯ ಎರಡು ಬದಿಗಳಲ್ಲಿ ಮೊಟ್ಟೆಗಳಿರುವ ಹೊಂಡಗಳಿವೆ. ಬಾಲದ ಹೊಡೆತಕ್ಕೆ ಯಾರಾದರೂ ಹಾರಿ ಅಲ್ಲಿ ಬಿದ್ದರೆ ಮೊಟ್ಟೆಯೊಡೆದು ಮರಿಗಳು ಗುಂಪುಗುಂಪಾಗಿ ಎದ್ದು ಬರುತ್ತವೆ. ಟ್ಯಾಂಕ್ ಏನು ಮಾಡಬೇಕು? ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಡ್ರಾಗನ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳಬೇಕು. ಉಳಿದ 39 ಮಂದಿ ಅದರ ಪಕ್ಕೆಲುಬಿನ ಕಡೆ, ಬೆಂಕಿಗೂ ಬಾಲಕ್ಕೂ ಸಿಗದ ಜಾಗದಲ್ಲಿ ನಿಲ್ಲುತ್ತಾರೆ. ಟ್ಯಾಂಕ್ ನಾಲ್ಕು ಹೆಜ್ಜೆ ತಿರುಗಿದರೆ ಡ್ರಾಗನ್ನೂ ತಿರುಗುತ್ತದೆ, ಬೆಂಕಿ 39 ಮಂದಿಯ ಮೇಲೆ ಹಾಯುತ್ತದೆ. ಒಬ್ಬರ ಕಾಲಿನ ಚಲನೆಗೆ ಇಷ್ಟು ಜನರ ಉಳಿವು ಕಟ್ಟಿಕೊಂಡಿರುವುದನ್ನು ನೋಡಿದಾಗ ಟ್ಯಾಂಕ್ ಆಡುವವರು ಯಾಕೆ ಅನಗತ್ಯವಾಗಿ ಕದಲುವುದಿಲ್ಲ ಎಂಬುದು ತಿಳಿಯುತ್ತದೆ.

ಸಣ್ಣ ಡಂಜನ್‌ಗಳಲ್ಲೂ ತತ್ವ ಇದೇ. ಅನೇಕ ಆಟಗಳಲ್ಲಿ ಬೆನ್ನ ಹಿಂದಿನಿಂದ ಬರುವ ಪೆಟ್ಟನ್ನು ಗುರಾಣಿಯಿಂದ ತಡೆಯಲು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ನಾಲ್ಕಾರು ಶತ್ರುಗಳು ಸುತ್ತುವರಿದಾಗ ಒಂದೆರಡು ಹೆಜ್ಜೆ ಹಿಂದೆ ಸರಿದು ಎಲ್ಲವೂ ಎದುರಿಗೇ ಬರುವಂತೆ ಮಾಡಿಕೊಳ್ಳಬೇಕು. ಬಿಲ್ಲುಗಾರರು, ಮಂತ್ರಗಾರರು ಹತ್ತಿರ ಬರದೆ ದೂರದಲ್ಲೇ ನಿಂತು ಹೊಡೆಯುತ್ತಾರೆ. ಅವರನ್ನು ಬೆನ್ನಟ್ಟಿ ಹೋದ ಟ್ಯಾಂಕ್ ಇನ್ನೊಂದು ಗುಂಪನ್ನು ಎಬ್ಬಿಸಿಬಿಡುತ್ತಾರೆ. ಬಲ್ಲವರು ಒಂದು ಏಟು ಹಾಕಿ ಕಂಬದ ಮರೆಗೋ ಗೋಡೆಯ ತಿರುವಿಗೋ ಸರಿದು ನಿಲ್ಲುತ್ತಾರೆ. ಗುರಿ ಕಾಣದ ಬಿಲ್ಲುಗಾರ ತಾನಾಗಿ ನಡೆದು ತಿರುವಿಗೆ ಬರುತ್ತಾನೆ, ಅಲ್ಲಿ ಎಲ್ಲರೂ ಒಂದೇ ರಾಶಿಯಾಗಿ ಡಿಪಿಎಸ್‌ಗಳ ಕೈಗೆ ಸಿಗುತ್ತಾರೆ. ಹೀಗೆ ಶತ್ರುಗಳನ್ನು ತಾವಿರುವಲ್ಲಿಗೆ ಎಳೆದು ತರುವುದಕ್ಕೆ ಪುಲ್ ಎನ್ನುತ್ತಾರೆ. ವಾರ್‌ಕ್ರಾಫ್ಟ್‌ನ ಆರಂಭದ ಹಂತದ ಡೆಡ್‌ಮೈನ್ಸ್ ಎಂಬ ಗಣಿಯಲ್ಲಿ ಇನ್ನೊಂದು ಪಾಠವಿದೆ. ಅಲ್ಲಿನ ಕಳ್ಳರು ಸಾಯುವ ಹಂತಕ್ಕೆ ಬಂದಾಗ ಹೆದರಿ ಓಡುತ್ತಾರೆ, ಓಡಿದ ದಾರಿಯಲ್ಲಿ ಸಿಕ್ಕ ತಮ್ಮವರನ್ನೆಲ್ಲ ಕರೆತರುತ್ತಾರೆ. ಆದ್ದರಿಂದ ಕಾಳಗವನ್ನು ಈಗಾಗಲೇ ಗೆದ್ದು ಖಾಲಿ ಮಾಡಿದ ಜಾಗಕ್ಕೆ ಹಿಂದೆಳೆದು ತಂದು ನಡೆಸಬೇಕು. ಓಡುವವನು ಓಡಿದರೂ ಖಾಲಿ ಗಣಿಯಲ್ಲೇ ಓಡಲಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಲೋಕಪ್ರಸಿದ್ಧ. 2005ರಲ್ಲಿ ಹರಿದಾಡಿದ ಒಂದು ವಿಡಿಯೊದಲ್ಲಿ ತಂಡದವರು ಬಾಗಿಲ ಬಳಿ ನಿಂತು ಗಂಭೀರವಾಗಿ ಯೋಜನೆ ಹಾಕುತ್ತಿದ್ದಾರೆ. ಲೀರಾಯ್ ಜೆಂಕಿನ್ಸ್ ಎಂಬ ಪಾತ್ರ ಯಾವುದನ್ನೂ ಕೇಳದೆ ತನ್ನ ಹೆಸರನ್ನು ಕೂಗುತ್ತ ಒಳಗೆ ನುಗ್ಗುತ್ತದೆ, ಇಡೀ ತಂಡ ಸಾಯುತ್ತದೆ. ಅದು ಮೊದಲೇ ಸಿದ್ಧಪಡಿಸಿದ ಪ್ರಹಸನ. ನಮ್ಮ ಹುಡುಗರೂ ಅದನ್ನು ಬಲ್ಲರು. ಅದರಲ್ಲಿ ಗಮನಿಸಬೇಕಾದದ್ದು ನುಗ್ಗಿದವನ ಹಿಂದೆ ಉಳಿದವರೆಲ್ಲ ಓಡಿದ್ದು. ಮುಂದೆ ಹೋದವರ ಹಿಂದೆ ತಂಡ ಹೋಗಿಯೇ ಹೋಗುತ್ತದೆ. ಟ್ಯಾಂಕ್ ನಾಯಕತ್ವವನ್ನು ಬೇಡಿರಲಿ ಬಿಡಲಿ, ಅದು ಅವರ ಕಾಲಿಗೆ ಬಂದು ಸೇರಿರುತ್ತದೆ.

ಇದೇ ಜಾಡಿನಲ್ಲಿ ವೇಗದ ಮಾತಿಗೆ ಬರುತ್ತೇನೆ. ಡಂಜನ್ ಎಷ್ಟು ಬೇಗ ಮುಗಿಯಬೇಕು, ಒಮ್ಮೆಗೆ ಎಷ್ಟು ಶತ್ರುಗಳನ್ನು ಎಬ್ಬಿಸಬೇಕು ಎಂಬುದನ್ನು ತೀರ್ಮಾನಿಸುವುದು ಟ್ಯಾಂಕ್. ಹೀಲರ್ ಬಳಿ ಮಾನಾ ಎಂಬ ಶಕ್ತಿಯ ಸಂಗ್ರಹವಿರುತ್ತದೆ, ಪ್ರತಿ ಸಲ ಗಾಯ ಮಾಯಿಸಿದಾಗಲೂ ಅದು ಕರಗುತ್ತದೆ. ಒಳ್ಳೆಯ ಟ್ಯಾಂಕ್ ಪರದೆಯಲ್ಲಿ ತನ್ನ ಪ್ರಾಣ ತೋರಿಸುವ ಪಟ್ಟಿಗಿಂತ ಹೆಚ್ಚು ಸಲ ಹೀಲರ್‌ನ ಮಾನಾ ಪಟ್ಟಿಯನ್ನು ನೋಡುತ್ತಾರೆ. ಅದು ಅರ್ಧಕ್ಕಿಳಿದಾಗ ಮುಂದಿನ ಗುಂಪು ಚಿಕ್ಕದಾಗುತ್ತದೆ, ತಳ ಕಂಡಾಗ ಹೆಜ್ಜೆ ನಿಲ್ಲುತ್ತದೆ. "ಹೀಲರ್ ಅಣ್ಣಾ, ಇನ್ನೊಂದು ಗುಂಪು ಸೇರಿಸಿ ಎಳೀಲಾ?" ಎಂಬ ಒಂದು ಪ್ರಶ್ನೆ ಸಾಕು, ಒಂದು ವೈಪ್ ತಪ್ಪುತ್ತದೆ. ಕೇಳುವುದನ್ನು ಅವಮಾನವೆಂದು ಎಣಿಸುವ ಹುಡುಗರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಪೆಟ್ಟಿನ ಸ್ವರೂಪವನ್ನೂ ತಿಳಿಯಬೇಕು. ಒಂದೇ ಸಮನೆ ಬೀಳುವ ಪೆಟ್ಟನ್ನು ಹೀಲರ್ ನಿಭಾಯಿಸಬಲ್ಲರು, ಗಕ್ಕನೆ ಬೀಳುವ ಒಂದು ದೊಡ್ಡ ಪೆಟ್ಟಿಗೆ ಅವರ ಕೈ ಮುಟ್ಟುವುದಿಲ್ಲ. ಗುರಾಣಿಯನ್ನು ಗಟ್ಟಿಮಾಡಿ ಕೆಲವು ಸೆಕೆಂಡು ಪೆಟ್ಟನ್ನು ತಗ್ಗಿಸುವ, ಪ್ರಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸುವ ಶಕ್ತಿಗಳು ಟ್ಯಾಂಕ್ ಬಳಿ ಇರುತ್ತವೆ. ಒಮ್ಮೆ ಬಳಸಿದರೆ ಮತ್ತೆ ಸಿಗಲು ಒಂದೆರಡು ನಿಮಿಷ, ಕೆಲವಕ್ಕೆ ಇನ್ನೂ ಹೆಚ್ಚು ಕಾಯಬೇಕು. ಇವಕ್ಕೆ ಕೂಲ್‌ಡೌನ್ ಎನ್ನುತ್ತಾರೆ. ಹೊಸಬರು ಪ್ರಾಣ ಹತ್ತನೇ ಒಂದಕ್ಕೆ ಇಳಿದಾಗ ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಾರೆ. ಹೆಚ್ಚು ಶತ್ರುಗಳು ಜೀವಂತವಿರುವುದು ಕಾಳಗದ ಮೊದಲ ಭಾಗದಲ್ಲಿ, ಆದ್ದರಿಂದ ಪ್ರಾಣ ತುಂಬಿರುವಾಗಲೇ ಮೊದಲನೆಯದನ್ನು ಒತ್ತಬೇಕು. ಅದು ಮುಗಿಯುತ್ತಿದ್ದಂತೆ ಎರಡನೆಯದು. ಒಂದರ ಮೇಲೊಂದು ಪೇರಿಸದೆ ಒಂದರ ಹಿಂದೊಂದು ಬಳಸಿದವರಿಗೆ ಸಾಧಾರಣ ಹೀಲರ್ ಕೂಡ ಸಮರ್ಥರಾಗಿ ಕಾಣುತ್ತಾರೆ.

ಇಷ್ಟೆಲ್ಲ ಹೊಣೆ ಒಬ್ಬರ ಮೇಲೆ ಬಿದ್ದಾಗ ಆ ಪಾತ್ರಕ್ಕೆ ಜನ ಸಿಗುವುದು ಕಷ್ಟ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ಅಪರಿಚಿತರನ್ನು ತಾನೇ ಜೋಡಿಸಿ ತಂಡ ಕಟ್ಟಿಕೊಡುವ ಡಂಜನ್ ಫೈಂಡರ್ ತಂದಿತು. ಕೂಡಲೇ ಒಂದು ಅಸಮತೋಲ ಎದ್ದು ಕಂಡಿತು. ಟ್ಯಾಂಕ್ ಆಗಿ ಹೆಸರು ಕೊಟ್ಟವರಿಗೆ ತಂಡ ಕ್ಷಣದಲ್ಲಿ ಸಿಗುತ್ತಿತ್ತು, ಡಿಪಿಎಸ್ ಆದವರು ಕಾದು ಕೂರಬೇಕಿತ್ತು. 2011ರಲ್ಲಿ ತಯಾರಕರು ಕೊರತೆಯಿರುವ ಪಾತ್ರವನ್ನು ವಹಿಸಿದವರಿಗೆ ಹೆಚ್ಚಿನ ಬಹುಮಾನ ಘೋಷಿಸಿದರು. ಆದರೂ ಕೊರತೆ ತೀರಲಿಲ್ಲ. ಕಾರಣ ಬಹುಮಾನದಲ್ಲಿ ಇರಲಿಲ್ಲ ಎಂದು ನನಗನ್ನಿಸುತ್ತದೆ. ಡಿಪಿಎಸ್ ತಪ್ಪು ಮಾಡಿದರೆ ಡಂಜನ್ ಎರಡು ನಿಮಿಷ ತಡವಾಗುತ್ತದೆ. ಟ್ಯಾಂಕ್ ತಪ್ಪು ಮಾಡಿದರೆ ಐವರೂ ಸಾಯುತ್ತಾರೆ, ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಪರಿಚಿತರ ನಡುವೆ ಬೈಗುಳ ಬೇಗ ಬರುತ್ತದೆ. ಹದಿನೇಳರ ಹುಡುಗಿಯೊಬ್ಬಳು ಮೊದಲ ಸಲ ಟ್ಯಾಂಕ್ ಆಗಿ ಬಂದು "ನಾನು ಹೊಸಬಳು, ದಾರಿ ಹೇಳಿ" ಎಂದಾಗ ಅವಳನ್ನು ತಂಡದಿಂದ ಹೊರಹಾಕುವವರು, ಮುಂದೆ ತಾವೇ ಟ್ಯಾಂಕ್‌ಗಾಗಿ ಕಾದು ಕೂರುವ ಸರದಿಯನ್ನು ಉದ್ದಮಾಡುತ್ತಿದ್ದಾರೆ. ಈ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಿದೆ, ಅದನ್ನು ಮುಚ್ಚಿಡುವುದಿಲ್ಲ.

ಕೊನೆಯದಾಗಿ ನಮ್ಮ ಜಿಲ್ಲೆಗಳ ವಿಚಾರ. ವಾರ್‌ಕ್ರಾಫ್ಟ್‌ಗಾಗಲಿ ಫೈನಲ್ ಫ್ಯಾಂಟಸಿ 14ಕ್ಕಾಗಲಿ ಭಾರತದಲ್ಲಿ ಸರ್ವರ್ ಇಲ್ಲ. ನಮ್ಮವರು ಯುರೋಪಿನ ಅಥವಾ ಪೂರ್ವ ದೇಶಗಳ ಸರ್ವರ್‌ಗಳಲ್ಲಿ ಆಡುತ್ತಾರೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೊಯಮತ್ತೂರಿನಿಂದ ಜರ್ಮನಿಗೆ ನೇರ ಗೆರೆ ಎಳೆದರೂ 7000 ಕಿಲೋಮೀಟರ್ ಮೀರುತ್ತದೆ, ಸಮುದ್ರದಡಿಯ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಆರನೇ ಅಥವಾ ಐದನೇ ಒಂದು ಭಾಗ ಕಳೆದಿರುತ್ತದೆ. ಅಂದರೆ ಪರದೆಯ ಮೇಲೆ ಕಾಣುವ ಶತ್ರು ಆಗಲೇ ಸ್ವಲ್ಪ ಹಳೆಯ ಶತ್ರು. ಫೈನಲ್ ಫ್ಯಾಂಟಸಿಯಲ್ಲಿ ನೆಲದ ಮೇಲೆ ಬೀಳುವ ಹೊಡೆತಕ್ಕೆ ನೀವು ಸಿಕ್ಕಿರೋ ಇಲ್ಲವೋ ಎಂಬುದು ಶತ್ರು ಮಂತ್ರ ಹಾಕುವಾಗ ಪರದೆಯಲ್ಲಿ ತುಂಬುತ್ತಾ ಹೋಗುವ ಪಟ್ಟಿ ಪೂರ್ಣವಾದ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ, ಬೆಂಕಿ ಕಾಣಿಸಿದಾಗಲ್ಲ. ತಿರುಪ್ಪೂರಿನಲ್ಲಿ ಕುಳಿತ ಟ್ಯಾಂಕ್ ಪಟ್ಟಿ ತುಂಬುವ ಮೊದಲೇ ಹೊರಗೆ ಕಾಲಿಟ್ಟಿರಬೇಕು, ಕೂಲ್‌ಡೌನನ್ನು ಅರೆಗಳಿಗೆ ಮುಂಚೆಯೇ ಒತ್ತಿರಬೇಕು. ಕಣ್ಣಿಗೆ ಕಂಡ ಮೇಲೆ ಪ್ರತಿಕ್ರಿಯಿಸುವ ಅನುಕೂಲ ಇಲ್ಲದವರು ಶತ್ರುವಿನ ನಡೆಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಮ್ಮ ಕಡೆಯ ಟ್ಯಾಂಕ್‌ಗಳು ಮುಂದಾಲೋಚನೆಯಲ್ಲಿ ಗಟ್ಟಿಗರಾಗಲು ಈ ದೂರವೇ ಕಾರಣವಾಗಬಲ್ಲದು.

ವಿದ್ಯುತ್ತಿನ ಕಷ್ಟವೂ ಇತ್ತು. 2012ರಲ್ಲಿ ಈ ಸೀಮೆಯಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ಕರೆಂಟ್ ಹೋಗುತ್ತಿದ್ದ ದಿನಗಳನ್ನು ಮಗ್ಗ ನಡೆಸುವವರು ಮರೆತಿರಲಾರರು. ಈಗ ಪರಿಸ್ಥಿತಿ ಎಷ್ಟೋ ಮೇಲು. ಆದರೆ ಡಿಪಿಎಸ್ ಒಬ್ಬರ ಲೈನ್ ಕಡಿದರೆ ತಂಡ ತಡೆದುಕೊಳ್ಳುತ್ತದೆ, ಟ್ಯಾಂಕ್‌ನ ಲೈನ್ ಕಡಿದರೆ ಕಾಳಗ ಮುಗಿದ ಹಾಗೆಯೇ. ರೂಟರಿಗೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ ಎಂದು ಟ್ಯಾಂಕ್ ಆಡಬಯಸುವವರಿಗೆ ಹೇಳುತ್ತೇನೆ.

ಕಲಿಯುವ ದಾರಿ ಈಗ ಸುಲಭವಾಗಿದೆ. ಫೈನಲ್ ಫ್ಯಾಂಟಸಿಯಲ್ಲಿ 2019ರಿಂದ, ವಾರ್‌ಕ್ರಾಫ್ಟ್‌ನಲ್ಲಿ 2024ರಿಂದ, ಕಂಪ್ಯೂಟರೇ ನಡೆಸುವ ಜೊತೆಗಾರರೊಂದಿಗೆ ಡಂಜನ್ ಹೊಗುವ ಅವಕಾಶವಿದೆ. ಅವರು ಬೈಯುವುದಿಲ್ಲ, ಅವಸರ ಮಾಡುವುದಿಲ್ಲ. ದಾರಿ, ಪುಲ್, ಬಾಸ್ ಎಂದು ಕರೆಯುವ ದೊಡ್ಡ ಶತ್ರುವಿನ ನಡೆಗಳನ್ನು ಅಲ್ಲಿ ಕಲಿಯಬಹುದು. ಅದಕ್ಕೂ ಮೊದಲು ಸ್ವಲ್ಪ ಕಾಲ ಹೀಲರ್ ಆಗಿ ಆಡಿ ಎಂಬುದು ನನ್ನ ಸಲಹೆ. ಕೆಟ್ಟ ಟ್ಯಾಂಕ್ ಹಿಂದೆ ನಿಂತು ಮಾನಾ ಬರಿದಾಗುವುದನ್ನು ನೋಡಿದವರು, ತಾವು ಮುಂದೆ ನಿಂತಾಗ ಹಿಂದೆ ತಿರುಗಿ ನೋಡುವುದನ್ನು ಮರೆಯುವುದಿಲ್ಲ.

ಮನೆಯ ಹಿರಿಯರಿಗೆ ಒಂದು ಮಾತು. ಒಂದು ಡಂಜನ್‌ಗೆ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಿಮಿಷ ಹಿಡಿಯುತ್ತದೆ, ನಡುವೆ ಅದನ್ನು ನಿಲ್ಲಿಸಿಡಲು ಬರುವುದಿಲ್ಲ. ಊಟಕ್ಕೆ ಕರೆದಾಗ ಮಗ "ಒಂದ್ನಿಮಿಷ ಅಮ್ಮಾ" ಎಂದು ಎದ್ದು ಬರದಿದ್ದರೆ, ಅವನ ಹಿಂದೆ ನಾಲ್ವರು ನಿಂತಿರುವ ಸಾಧ್ಯತೆಯಿದೆ. ಎಳೆಯರೇ, ನೀವು ಒಳಗೆ ಹೋಗುವ ಮೊದಲೇ ಮನೆಯಲ್ಲಿ ಹೇಳಿ ಹೋಗಿ, ಅನ್ನ ಬಡಿಸುವ ಹೊತ್ತಿಗೆ ಹೊಸ ಡಂಜನ್ ಶುರುಮಾಡಬೇಡಿ. ಅಪ್ಪ ಅಮ್ಮಂದಿರೇ, ನೀವು "ಎಷ್ಟೊತ್ತು ಆಡ್ತೀಯ?" ಎಂದು ಕೇಳುವ ಬದಲು "ಇನ್ನೆಷ್ಟು ಬಾಸ್ ಉಳಿದಿವೆ?" ಎಂದು ಕೇಳಿ ನೋಡಿ. ಟ್ಯಾಂಕ್ ಆಡುವ ಮಗುವಾದರೆ ಆ ಲೆಕ್ಕ ಅದರ ಬಾಯಲ್ಲೇ ಇರುತ್ತದೆ.